ಸುಮ್ಮನ ಕುಂತ ಹುಡುಗೂರು

ಮಗಳು ಜಪಾನಿಗೆ ಇಂಗ್ಲಿಷ್ ಕಲಸಾಕ ಹೊಂಟಾಳ ಅಂದಾಗ ನಮ್ಮ ಓಣ್ಯಾಗ ಎಲ್ಲಾರೂ ಕೇಳಿದ್ದು ಒಂದ ಮಾತು: "ನಮ್ಮ ಇಂಗ್ಲಿಷ್ ಅವರಿಗೆ ನಡೀತೈತೇನ್ರಿ?" ಕೇಳಿದವರೊಳಗ ಎದುರು ಮನಿ ವೈನಿ, ನೀವೂ ಇದ್ರಿ. ಸಿಟ್ಟಾಗಬ್ಯಾಡ್ರಿ, ನನ್ನ ಮನಸಿನ್ಯಾಗೂ ಅದ ಇತ್ತು. ಈಗ ಆಕಿ ಹೋಗಿ ಆರು ವಾರ ಆತು. ನನ್ನ ವಿಚಾರ ಬದಲಾಗೈತಿ, ಅದಕ್ಕ ಬರ್ಯಾಕ ಕುಂತೇನಿ.

ಅಲ್ಲಿ ಸಾಲಿ ಶುರು ಆಗೂದು ಏಪ್ರಿಲ್‌ದಾಗ. ಇಂಗ್ಲಿಷ್ ಕಲಸಾಕ ಹೊರಗಿನ ದೇಶದ ಹುಡುಗ ಹುಡುಗ್ಯಾರನ್ನ ಕರಕೊಂಡು ಬರೂ ಜೆಟ್ ಅನ್ನೂ ಕಾರ್ಯಕ್ರಮ 1987ರಿಂದ ಐತಿ, ಖಾಸಗಿ ಕಂಪನಿಗಳೂ ಅದಾವ. ನಮ್ಮಾಕಿ ಹೋಗಿದ್ದು ಅಂಥಾದೊಂದು ಕಂಪನಿ ಕಡಿಂದ. 2020ರಿಂದ ಅಲ್ಲಿ ಐದನೇ, ಆರನೇ ಇಯತ್ತೆಗೆ ಇಂಗ್ಲಿಷ್ ಕಾಯಂ ವಿಷಯ ಆಗೈತಿ. ಕ್ಲಾಸ್ ಟೀಚರ್ ಜಪಾನಿನವರ ಇರ್ತಾರ, ಈಕಿ ಅವರ ಬಾಜೂಕ ನಿಂತು ಸಹಾಯ ಮಾಡೂದು.

ಮೊದಲನೇ ವಾರ ಬರೇ ಚಪ್ಪಲ್ ಕಥಿ. ಸಾಲಿ ಬಾಗಲದಾಗ ಹೊರಗಿನ ಬೂಟು ಬಿಚ್ಚಿ ಒಳಗಿನ ಬೂಟು ಹಾಕ್ಕೋಬೇಕಂತ, ಪಾಯಖಾನಿಗೆ ಹೋಗಾಕ ಮತ್ತ ಬ್ಯಾರೇ ಸ್ಲಿಪ್ಪರು. ಒಂದಿನ ಈಕಿ ಪಾಯಖಾನಿ ಸ್ಲಿಪ್ಪರಿನ್ಯಾಗ ಸ್ಟಾಫ್ ರೂಮಿಗೆ ಬಂದು ಕುಂತಾಳ! ಯಾರೂ ಏನೂ ಅನಲಿಲ್ಲಂತ, ಎಲ್ಲಾರೂ ಆಕಿ ಕಾಲು ನೋಡಿ ಮಾರಿ ತಿರಿವಿದ್ರಂತ. ಬೈದಿದ್ರ ಛೊಲೋ ಇತ್ತವ್ವಾ ಅಂದ್ಲು. ಸಾಲಿ ಕಸಾ ಹುಡುಗೂರ ಹೊಡೀತಾರ, ಅರಬಿ ಹಿಡಕೊಂಡು ನೆಲಾ ಒರಸ್ತಾರ. ಊಟ ಆದಮ್ಯಾಲೆ ತಾಟು ಎತ್ತದ ನಮ್ಮ ಮನಿ ಗಂಡುಹುಡುಗೂರನ್ನ ಒಂದು ತಿಂಗಳು ಅಲ್ಲಿಗೆ ಕಳಸಬೇಕು ಅನಸ್ತು ನನಗ.

ಊಟದ್ದು ಮಾತ್ರ ಕಷ್ಟ ಆತು. ಮಧ್ಯಾಹ್ನದ ಊಟ ಕ್ಲಾಸಿನ್ಯಾಗ ಹುಡುಗೂರ ಬಡಿಸ್ತಾರ, ಟೀಚರೂ ಅಲ್ಲೇ ಕುಂತು ಅದನ್ನ ಉಣಬೇಕು. ಮಾಂಸ ಕಂಡದ್ದನ್ನ ಬಿಟ್ಟು, ಅನ್ನಾ ಮತ್ತ ಸಾರು ಉಂಡಾಳ. ಮೂರು ದಿನ ಆದಮ್ಯಾಲೆ ಗೊತ್ತಾತು, ಆ ಸಾರಿನ ನೀರು ಕುದಿಸೂದ ಒಣಾ ಮೀನಿನ ಚೂರು ಹಾಕಿ ಅಂತ. ಕಣ್ಣಿಗೆ ಮೀನು ಕಾಣಸಾಂಗಿಲ್ಲ. ಫೋನಿನ್ಯಾಗ ಅತ್ತಳು. ಈಗ ಸಾಲ್ಯಾಗ ಕೇಳಿಕೊಂಡು ಡಬ್ಬಿ ಒಯ್ತಾಳ.

ಆದ್ರ ಆಕಿನ್ನ ಮುರದದ್ದು ಸಾರಲ್ಲ, ಹುಡುಗೂರು ಬಾಯಿ ಬಿಡದ್ದು. ನಮಗ ಮಧ್ಯಾಹ್ನ ಎರಡೂವರಿ ಆದ್ರ ಅಲ್ಲಿ ಸಂಜಿ ಆರು. ಆ ಹೊತ್ತಿಗೆ ದಿನಾ ಫೋನು, ದಿನಾ ಅದ ಮಾತು. "ಅವ್ವಾ, ನಾ ಕೇಳಿದ್ರ ಒಬ್ಬರೂ ಉತ್ತರಾ ಕೊಡಾಂಗಿಲ್ಲ. ತಲಿ ಕೆಳಗ ಹಾಕ್ತಾರ. ಅವರಿಗೆ ನಾ ಬ್ಯಾಡಾಗೇನಿ." ಅವರಪ್ಪ "ವಾಪಸ್ ಬಾ ಅನ್ನು" ಅಂದ್ರು. ನನಗೂ ತುಟಿ ತನಕ ಬಂದಿತ್ತು.

ಅವತ್ತ ನಾ ಆಕಿಗೆ ಎಂದೂ ಹೇಳದ್ದೊಂದು ಹೇಳಿದೆ. ಹಳ್ಯಾಗ ಕನ್ನಡ ಸಾಲಿ ಕಲತು ನಾ ಧಾರವಾಡಕ್ಕ ಪಿಯುಸಿಗೆ ಬಂದಾಗ ಇಂಗ್ಲಿಷ್ ಕ್ಲಾಸಿನ್ಯಾಗ ಎರಡು ವರ್ಷ ಬಾಯಿ ಬಿಡಲಿಲ್ಲ. ಉತ್ತರಾ ಬರ್ತಿತ್ತು. ತಲ್ಯಾಗ ವಾಕ್ಯಾ ಜೋಡಿಸಿ, ಕ್ರಿಯಾಪದ ಎಲ್ಲಿ ಇಡಲಿ ಅನ್ನೂದ್ರಾಗ ಕಾನ್ವೆಂಟಿನಾಕಿ ಒಬ್ಬಾಕಿ ಹೇಳಿಬಿಡ್ತಿದ್ದಳು. ನಾ ದಡ್ಡಿ ಅಂತ ಲೆಕ್ಚರರ್ ತಿಳಕೊಂಡ್ರು. ಕಡೀಕ ನಾನೂ ಹಂಗ ತಿಳಕೊಂಡೆ.

ಮಗಳು ಎಲ್‌ಕೇಜಿಯಿಂದ ಇಂಗ್ಲಿಷ್ ಮೀಡಿಯಂ. ಏಳನೇತ್ತಾ ಇದ್ದಾಗ "ಪೇರೆಂಟ್ಸ್ ಮೀಟಿಂಗಿಗೆ ನೀ ಬರಬ್ಯಾಡ, ಅಪ್ಪ ಬರ್ಲಿ" ಅಂದಿದ್ಲು. ಫೋನಿನ್ಯಾಗ ಭಾಳೊತ್ತು ಮಾತಾಡಲಿಲ್ಲ ಆಕಿ. ನಾನೂ ಸುಮ್ಮನಿದ್ದೆ. ಆಮ್ಯಾಲೆ "ನೀ ಸುಮ್ಮನ ಕುಂತಾಗ ಟೀಚರ್ ಏನು ಮಾಡಿದ್ರ ಛೊಲೋ ಇತ್ತವ್ವಾ?" ಅಂತ ಕೇಳಿದ್ಲು. ಅಷ್ಟು ವರ್ಷದಾಗ ಇಂಗ್ಲಿಷ್ ವಿಷಯಾ ನನ್ನ ಕೇಳಿದ್ದು ಅದ ಮೊದಲು. ಎಬ್ಬಿಸಿ ನಿಲ್ಲಿಸಬಾರದಿತ್ತು, ಬಾಜೂದಾಕಿ ಕೂಡ ಮೊದಲ ಮೆಲ್ಲಕ ಹೇಳಿಕೊಳ್ಳಾಕ ಬಿಡಬೇಕಿತ್ತು ಅಂದೆ.

ಆಕಿ ಜಪಾನೀ ಕಲ್ಯಾಕ ಹತ್ತಿದಮ್ಯಾಲೆ ಇನ್ನೊಂದು ತಿಳೀತು. ಆ ಭಾಷಾದಾಗೂ ಕ್ರಿಯಾಪದ ಕಡೀಕ ಬರ್ತೈತಿ. "ಮಿಜು ಓ ನೊಮಿಮಾಸು" ಅಂದ್ರ ನೀರನ್ನ ಕುಡೀತೇನಿ, ನಮ್ಮಂಗನ. ನಾವು ಬಸ್ಸು ಅಂದಂಗ ಅವರು ಬಸು ಅಂತಾರ, ಮಿಲ್ಕ್ ಅನ್ನಾಕ ಮಿರುಕು. ಅಂದಮ್ಯಾಲೆ ಆ ಹುಡುಗೂರು ಎಲ್ಲಿ ಎಡವತಾರ ಅನ್ನೂದು ಅಮೇರಿಕಾದಾಗ ಹುಟ್ಟಿದವರಿಗಿಂತ ನಮಗ ಲಗೂ ತಿಳಿಬೇಕಲ್ಲ? ಇದ ನಾ ಹೇಳೂದು ವೈನಿ. ನಮ್ಮ ಇಂಗ್ಲಿಷ್ ಹೆದರಿ ಹೆದರಿ ಕಲತದ್ದು, ಅದಕ್ಕ ಕಲಸಾಕ ನಡೀತೈತಿ.

ನಡುವ ಒಂದಿನ ಆಕಿ ಫೋನಿನ್ಯಾಗ ಮೂಗಿನಿಂದ ಮಾತಾಡಾಕ ಹತ್ತಿದ್ಲು. ಪಾಠದ ಧ್ವನಿಮುದ್ರಣದಾಗ ಅಮೇರಿಕಾದ ಉಚ್ಚಾರ ಐತಂತ, ಅದನ್ನ ರೂಢಿ ಮಾಡಕೊಳ್ಳಾಕ ಹತ್ತಿದ್ದಳು. ಅದನ್ನ ಬಿಡು ಅಂದೆ. ಹುಡುಗೂರಿಗೆ ಅದೂ ಕಿವಿಗೆ ಬೀಳಬೇಕವ್ವಾ ಅಂದ್ಲು. ಅದೂ ಖರೇನ. ಹಂಗಾರ ಕ್ಲಾಸಿನ್ಯಾಗ ಅದು, ನನ್ನ ಕೂಡ ಇದು ಅಂತ ಒಪ್ಪಂದ ಆತು.

ಕ್ಲಾಸು ಈಗಲೂ ತಣ್ಣಗ ಐತಂತ. ಹೋದ ವಾರ ಕಸಾ ಹೊಡಿಯೂ ಹೊತ್ತಿನ್ಯಾಗ ಒಬ್ಬ ಹುಡುಗ ಅರಬಿ ಹಿಡಕೊಂಡು ಬಾಜೂಕ ಬಂದು "ಐ ಡಾಗ್ ಲೈಕ್" ಅಂದು ಓಡಿ ಹೋದನಂತ. ತಿದ್ದಿದೇನು ಅಂತ ಕೇಳಿದೆ. ಇಲ್ಲವ್ವಾ, ನನಗೂ ನಾಯಿ ಅಂದ್ರ ಇಷ್ಟ ಅಂತ ಕೂಗಿ ಹೇಳಿದೆ ಅಂದ್ಲು.

ಗುರೆಳ್ಳು ಚಟ್ನಿ, ಕಡಕ ರೊಟ್ಟಿ ಪಾರ್ಸೆಲ್ ಕಳಸೂ ವಿಚಾರ ಐತಿ, ಯಾರಿಗಾದ್ರೂ ಅದರ ರೀತಿ ಗೊತ್ತಿದ್ರ ಹೇಳ್ರಿ. ಮತ್ತ ಆ ಮೂರು ದಿನದ ಸಾರಿನ ಸುದ್ದಿ ನಮ್ಮ ಅತ್ತಿಯವರಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.