ಸಪ್ಪೆ ಬರ್ಗರ್‌ಗೆ ಊರಿನ ಮಸಾಲೆ

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬರೆಯೋದು ಸಂಬಳ, ಉಳಿತಾಯ, ಊರಿಗೆ ಕಳಿಸುವ ದುಡ್ಡಿನ ಲೆಕ್ಕ. ಈ ತಿಂಗಳು ಹೊಟ್ಟೆಯ ಲೆಕ್ಕಕ್ಕೆ ಬಂದಿದ್ದೇವೆ. ಅದಕ್ಕೆ ಕಾರಣ ನಮ್ಮ ರೂಮಿನ ಡ್ರೈವರಣ್ಣ.

ಅಣ್ಣನಿಗೆ ಐವತ್ತು ಹತ್ತಿರ. ಬೆಳಗ್ಗೆ ಸ್ಟೇರಿಂಗ್ ಹಿಡಿದು ಕೂತರೆ ಇಳಿಯೋದು ಕತ್ತಲಾದ ಮೇಲೆ. ಮಧ್ಯಾಹ್ನ ದಾರಿಯಲ್ಲಿ ಸಿಕ್ಕಿದ್ದು, ರಾತ್ರಿ ಬ್ರೋಸ್ಟ್, ಜೊತೆಗೆ ಒಂದು ಕೋಲಾ. ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯೂ ಜಾಸ್ತಿ, ಕೊಲೆಸ್ಟ್ರಾಲೂ ಜಾಸ್ತಿ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕರಿದದ್ದು ಬಿಡಿ, ಕೊಬ್ಬು ಕಡಿಮೆ ಇರೋ ಮಾಂಸ ತಿನ್ನಿ ಅಂದರು. ಅಣ್ಣ ಅದೇ ಸಂಜೆ ಟರ್ಕಿ ಬರ್ಗರ್‌ನ ಎರಡು ಡಬ್ಬಿ ತಂದು ಫ್ರೀಜರ್‌ಗೆ ಹಾಕಿದರು. ಒಂಬತ್ತು ದಿನ ಕಣ್ಣು ಮುಚ್ಚಿ ತಿಂದರು. ಹತ್ತನೇ ದಿನ ತಟ್ಟೆ ದೂರ ತಳ್ಳಿ, "ಇದು ಮಾಂಸ ಅಲ್ಲ ಮಾರಾಯ್ರೆ, ರಟ್ಟು" ಅಂದವರೇ ಬ್ರೋಸ್ಟ್ ತರೋದಕ್ಕೆ ಹೊರಟರು.

ಇನ್ನೊಂದು ವಿಷಯ ನಮಗೆ ಆಮೇಲೆ ಗೊತ್ತಾಯಿತು. ಆ ರಿಪೋರ್ಟಿನ ಸಂಗತಿ ಅವರು ಮನೆಗೆ ಹೇಳಿರಲಿಲ್ಲ. ಮಗಳು ಎರಡನೇ ಪಿಯುಸಿ. "ಈಗ ಹೇಳಿದರೆ ಅವಳ ಓದು ಹಾಳು" ಅನ್ನೋದು ಅವರ ವಾದ. ನಾವು ಲೆಕ್ಕ ಬರೆಯುವವರು. ಪುಸ್ತಕದಲ್ಲಿ ತೋರಿಸದಿದ್ದರೆ ಸಾಲ ಇಲ್ಲ ಅಂತ ಅಲ್ಲ, ಬಡ್ಡಿ ಬೆಳೀತಾನೇ ಇರುತ್ತೆ. ಅದನ್ನೇ ಅಣ್ಣನಿಗೆ ಹೇಳಿದೆವು. ಅವರು ಉತ್ತರ ಕೊಡಲಿಲ್ಲ. ಸರಿ, ಬುದ್ಧಿವಾದ ಬೇಡ, ಮೊದಲು ಆ ಬರ್ಗರ್ ರಿಪೇರಿ ಮಾಡೋಣ ಅಂತ ರೂಮಿನವರೆಲ್ಲ ಸೇರಿ ನಿರ್ಧರಿಸಿದೆವು.

ಟರ್ಕಿ ಕೋಳಿ ನಮ್ಮ ಹಾಗೇ ಊರು ಬಿಟ್ಟು ಬಂದ ಹಕ್ಕಿ. ಅದರ ಮೂಲ ಅಮೆರಿಕ ಖಂಡ. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರು. ಟರ್ಕಿಯವರು ಅದನ್ನು ಕರೆಯೋದು 'ಹಿಂದಿ' ಅಂತ! ಇಲ್ಲಿ ಅರಬ್ಬಿಯಲ್ಲಿ ಅದು 'ದೀಕ್ ರೂಮಿ', ಅಂದರೆ ರೂಮಿನ ಹುಂಜ. ನಮ್ಮ ಬಾಡಿಗೆ ರೂಮಲ್ಲ, ರೋಮನ್ನರ ರೂಮ್. ಹಿಂದೂಸ್ತಾನಕ್ಕೂ ಇದು ಹಳೆಯ ಅತಿಥಿಯೇ. 1612ರಲ್ಲಿ ಗೋವಾದಿಂದ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಹೋಗಿತ್ತು, ಮನ್ಸೂರ್ ಎಂಬ ಚಿತ್ರಕಾರ ಅದರ ಚಿತ್ರವನ್ನೂ ಬರೆದಿದ್ದ. ಗೋವಾದವರೆಗೆ ಬಂದ ಹಕ್ಕಿಗೆ ಕರಾವಳಿಯ ಮಸಾಲೆ ಹಚ್ಚಿದರೆ ತಪ್ಪೇನು?

ಮೊದಲು ಅದು ರಟ್ಟಾಗೋದು ಯಾಕೆ ಅಂತ ನೋಡೋಣ. ಟರ್ಕಿಯ ಎದೆಮಾಂಸ 100 ಗ್ರಾಮಿನಲ್ಲಿ ಪ್ರೋಟೀನ್ 23 ಗ್ರಾಮಿನಷ್ಟು, ಕೊಬ್ಬು ಒಂದೆರಡು ಗ್ರಾಮ್ ಮಾತ್ರ. ಬಾಯಿಗೆ ಮೆತ್ತಗೆ, ರಸವಾಗಿ ಅನ್ನಿಸೋದು ಕೊಬ್ಬಿನಿಂದ. ಕೊಬ್ಬು ತೆಗೆದ ಮೇಲೆ ರಸ ಬೇರೆ ಕಡೆಯಿಂದ ತರಬೇಕು, ರುಚಿ ಮಸಾಲೆಯಿಂದ ತರಬೇಕು. ಡಬ್ಬಿ ಕಂಪನಿಯವರು ಈ ಕೆಲಸವನ್ನು ಉಪ್ಪಿನಿಂದ ಮಾಡುತ್ತಾರೆ. ಬಿ.ಪಿ. ಇರುವವರು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚದೊಳಗೆ.

ಹಾಗಾಗಿ ತಯಾರಾದ ಪ್ಯಾಟಿ ಬಿಟ್ಟು ಖೀಮಾ ತಂದೆವು. ಅರ್ಧ ಕಿಲೋ ಟರ್ಕಿ ಖೀಮಾಕ್ಕೆ ಹಿಂಡದೆ ತುರಿದ ಒಂದು ಈರುಳ್ಳಿ, ಮೂರು ಚಮಚ ಓಟ್ಸ್, ಎರಡು ಚಮಚ ಗಟ್ಟಿ ಮೊಸರು, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಉಪ್ಪು. ಈರುಳ್ಳಿಯ ನೀರನ್ನು ಓಟ್ಸ್ ಹೀರಿಕೊಂಡು ಒಳಗೇ ಹಿಡಿದಿಡುತ್ತೆ. ಗುಟ್ಟು ಇಷ್ಟೇ. ನಾಲ್ಕು ಭಾಗ ಮಾಡಿ ತಟ್ಟಿ, ನಡುವೆ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಟರ್ಕಿ ಸಿಗದಿದ್ದರೆ ಕೋಳಿಯ ಎದೆಮಾಂಸದ ಖೀಮಾ ಸಾಕು. ಇಲ್ಲಿಂದ ಮುಂದೆ ದಿನಕ್ಕೊಂದು ಬಗೆ.

ಒಂದು, ಕುಂದಾಪುರದ ಬಗೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತೆ ಹುರಿದು, ಬೆಳ್ಳುಳ್ಳಿ ಮತ್ತು ಹುಣಸೆಹುಳಿ ಜೊತೆ ನುಣ್ಣಗೆ ಅರೆಯಿರಿ. ತವಾದಲ್ಲಿ ಒಂದೇ ಟೀ ಚಮಚ ತುಪ್ಪ ಹಾಕಿ ಆ ಮಸಾಲೆ ಬಾಡಿಸಿ, ಬೆಂದ ಪ್ಯಾಟಿಗೆ ಎರಡೂ ಕಡೆ ಬಳಿಯಿರಿ. ಘೀ ರೋಸ್ಟ್ ಅಂದರೆ ತುಪ್ಪ ತೇಲಬೇಕು ಅನ್ನುವವರು ಕ್ಷಮಿಸಬೇಕು. ಪರಿಮಳಕ್ಕೆ ಒಂದು ಚಮಚ ಸಾಕು.

ಎರಡು, ಉತ್ತರ ಕರ್ನಾಟಕದ ಬಗೆ. ನಮ್ಮ ರೂಮಿನ ವಿಜಯಪುರದ ಹುಡುಗ ತೋರಿಸಿಕೊಟ್ಟದ್ದು. ಬನ್ನಿನ ಬದಲು ಜೋಳದ ರೊಟ್ಟಿ. ಮೇಲೆ ಪ್ಯಾಟಿ, ಹಸಿ ಈರುಳ್ಳಿ, ಮೊಸರಲ್ಲಿ ಕಲಸಿದ ಒಂದು ಚಮಚ ಅಗಸಿ ಚಟ್ನಿ. "ಇದಕ್ಕ ಬರ್ಗರ್ ಅಂತ ಯಾಕ ಕರೀತೀರಿ, ಊಟ ಅನ್ರಿ" ಅಂದ. ಒಪ್ಪಿಕೊಂಡೆವು.

ಮೂರು, ಮೊಸರಿನ ಬಗೆ. ಮಯೋನೀಸ್ ಬದಲಿಗೆ ಕೆನೆ ತೆಗೆದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಸೌತೆ, ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಸಾಸಿವೆ, ಕರಿಬೇವಿನ ಒಗ್ಗರಣೆಗೆ ಅರ್ಧ ಚಮಚ ಎಣ್ಣೆ. ಒಗ್ಗರಣೆಯ ಚುಂಯ್ ಸದ್ದು ಕೇಳಿದಾಗಲೇ ಪಕ್ಕದ ರೂಮಿನವರು ಬಾಗಿಲು ತಟ್ಟಿದರು.

ನಾಲ್ಕು, ಇದೇ ಬುರೈದಾದ ಬಗೆ. ನಾವು ಇರೋ ಊರು ಸಣ್ಣದಲ್ಲ ಸ್ವಾಮಿ, 2021ರಲ್ಲಿ ಯುನೆಸ್ಕೋ ಇದನ್ನು ಅಡುಗೆಗೆ ಹೆಸರಾದ ನಗರಗಳ ಪಟ್ಟಿಗೆ ಸೇರಿಸಿದೆ. ಕೂಸಾ ತುರಿದು ಖೀಮಾದಲ್ಲೇ ಸೇರಿಸಿ, ಇನ್ನಷ್ಟು ಮೆತ್ತಗಾಗುತ್ತೆ. ಕೆಚಪ್ ಬದಲು ಕಬ್ಸಾ ಜೊತೆ ಕೊಡುವ ಟೊಮೆಟೊ ದಕ್ಕೂಸ್. ಮೇಲೆ ಒಂದು ಹಿಡಿ ಜರ್‌ಜೀರ್ ಸೊಪ್ಪು, ನಿಂಬೆರಸ, ಚಿಟಿಕೆ ಸುಮಾಕ್. ಸಿಹಿಹುಳಿ ಚಟ್ನಿ ಬೇಕೆನಿಸಿದರೆ ಹುಣಸೆಹುಳಿಗೆ ನಾಲ್ಕು ಬರ್ಗರ್‌ಗೆ ಸೇರಿ ಒಂದೇ ಖರ್ಜೂರ. ಸುಕ್ಕರಿ ಅನ್ನೋ ಹೆಸರಲ್ಲೇ ಸಕ್ಕರೆ ಇದೆ, ಮರೆಯಬೇಡಿ.

ಈಗ ಲೆಕ್ಕ. 125 ಗ್ರಾಮ್ ಎದೆಮಾಂಸದ ಪ್ಯಾಟಿಗೆ ಸುಮಾರು 140 ಕ್ಯಾಲೊರಿ. ಅದರ ಮೇಲೆ ಎರಡು ದೊಡ್ಡ ಚಮಚ ಮಯೋನೀಸ್ ಹಾಕಿದರೆ 190ರ ಆಸುಪಾಸು, ಚೀಸ್ ಹಾಳೆ ಒಂದಕ್ಕೆ 65, ಒಂದು ಡಬ್ಬಿ ಕೋಲಾಕ್ಕೆ 140. ಮೇಲಿನ ಖರ್ಚೇ ಸುಮಾರು 400 ಆಯಿತು, ಅಸಲಿನ ಮೂರು ಪಟ್ಟು ಹತ್ತಿರ! ನಮ್ಮ ಲೆಕ್ಕದಲ್ಲಿ ಒಂದು ಚಮಚ ತುಪ್ಪದ 45 ಕ್ಯಾಲೊರಿ ನಾಲ್ಕು ಪ್ಯಾಟಿಗೆ ಹಂಚಿಹೋಗುತ್ತೆ. ಮೊಸರು, ಮಸಾಲೆ ಎಲ್ಲ ಸೇರಿಸಿದರೂ ಒಂದಕ್ಕೆ 50 ದಾಟೋದಿಲ್ಲ. ಬನ್ ಬೇಕೇಬೇಕು ಅಂದರೆ ಅರ್ಧ ತಿನ್ನಿ, ಇನ್ನರ್ಧದ ಜಾಗಕ್ಕೆ ಎಲೆಕೋಸಿನ ಎಲೆ ಮುಚ್ಚಿ. ಹೊರಗೆ ತಿನ್ನುವಾಗಲೂ ಮೆನುವಿನಲ್ಲಿ ಬೆಲೆಯ ಜೊತೆ ಕ್ಯಾಲೊರಿ ಬರೆದಿರುತ್ತೆ. 2019ರಿಂದ ಇಲ್ಲಿ ಅದು ಕಡ್ಡಾಯ. ನಾವು ಬೆಲೆ ಮಾತ್ರ ಓದುತ್ತೇವೆ, ಪಕ್ಕದ ಅಂಕಿಯನ್ನೂ ಓದಿ.

ಕೆಲವು ಎಚ್ಚರಿಕೆ. ಫ್ರೀಜರ್‌ನಿಂದ ತೆಗೆದ ಮಾಂಸವನ್ನು ಕೆಲಸಕ್ಕೆ ಹೋಗುವಾಗ ಹೊರಗಿಟ್ಟು ಹೋಗಬೇಡಿ, ಈ ಸೆಖೆಯಲ್ಲಿ ಸಂಜೆಗೆ ವಿಷವಾಗಿರುತ್ತೆ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ. ಮಧ್ಯಮ ಉರಿಯಲ್ಲಿ ಒಂದೊಂದು ಕಡೆ ಐದಾರು ನಿಮಿಷ ಬೇಯಿಸಿ, ಸಟ್ಟುಗದಿಂದ ಒತ್ತಬೇಡಿ, ಒತ್ತಿದರೆ ಇದ್ದ ರಸವೂ ಹೋಗುತ್ತೆ. ಹಾಗಂತ ಹಸಿ ಉಳಿಸಬಾರದು. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅಡುಗೆ ಥರ್ಮಾಮೀಟರ್ ಒಂದು ರೂಮಿಗೆ ಇದ್ದರೆ ಒಳ್ಳೆಯದು. ಸಕ್ಕರೆ ಮಾತ್ರೆ ತಗೊಳ್ಳುವವರು ಡಯಟ್ ಅಂತ ಊಟ ತಪ್ಪಿಸಬೇಡಿ. ಕಿಡ್ನಿ ತೊಂದರೆ ಇರುವವರು ಎಷ್ಟು ಮಾಂಸ ತಿನ್ನಬಹುದು ಅಂತ ಡಾಕ್ಟರ್ ಹತ್ತಿರ ಕೇಳಿಯೇ ಶುರು ಮಾಡಿ.

ನಮ್ಮ ಅಣ್ಣ ಕುಂದಾಪುರದ ಬಗೆಯನ್ನು ಮೊದಲ ದಿನ ಅನುಮಾನದಿಂದಲೇ ಬಾಯಿಗಿಟ್ಟರು. ಏನೂ ಹೇಳಲಿಲ್ಲ. ಎರಡನೆಯದಕ್ಕೆ ಕೈ ಹಾಕಿದರು. ಮರುವಾರ ಮಸಾಲೆ ಅರೆಯುವ ಕೆಲಸ ತಾವೇ ವಹಿಸಿಕೊಂಡರು. ಬ್ರೋಸ್ಟ್ ಪೂರ್ತಿ ನಿಂತಿದೆ ಅಂತ ನಾವು ಸುಳ್ಳು ಬರೆಯೋದಿಲ್ಲ. ಕಳೆದ ಶುಕ್ರವಾರ ತಂದಿದ್ದರು. ಆದರೆ ವಾರಕ್ಕೆ ಐದು ಸಲ ಇದ್ದದ್ದು ಒಂದಕ್ಕೆ ಇಳಿದಿದೆ, ಕೋಲಾ ನಿಂತಿದೆ.

ಮೊನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅತ್ತಿಗೆ ಎಂದಿನಂತೆ "ಊಟಕ್ಕೆ ಎಂತ?" ಅಂತ ಕೇಳಿದರು. ಅಣ್ಣ ತಟ್ಟೆಯನ್ನೇ ಫೋನಿನ ಮುಂದೆ ಹಿಡಿದರು. "ಇದೆಂತದ್ದು, ಯಾರು ಮಾಡಿದ್ದು?" "ನಾನೇ. ಡಾಕ್ಟ್ರು ಹೇಳಿದ್ದಾರೆ." "ಡಾಕ್ಟ್ರಾ? ಯಾಕೆ?" ನಾವು ಎದ್ದು ಹೊರಗೆ ಹೋದೆವು. ಅರ್ಧ ಗಂಟೆ ಮಾತಾಡಿದರು. ಒಳಗೆ ಬಂದಾಗ ಅಣ್ಣನ ಕಣ್ಣು ಕೆಂಪಾಗಿತ್ತು. "ಬೈದಳು. ಮಸಾಲೆಗೆ ಮೆಂತೆ ಇನ್ನೂ ಕಡಿಮೆ ಹಾಕ್ಬೇಕಂತೆ" ಅಂದರು.

ಬರುವ ವಾರ ಅವರ ಮರುಪರೀಕ್ಷೆ. ಹೆಚ್‌ಬಿಎ1ಸಿ ಅನ್ನುವ ಪರೀಕ್ಷೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತೆ, ಹಿಂದಿನ ದಿನ ಉಪವಾಸ ಮಾಡಿ ಅದಕ್ಕೆ ಮೋಸ ಮಾಡೋದಕ್ಕೆ ಆಗಲ್ಲ. ಅಂಕಿ ಏನೇ ಬರಲಿ, ಈ ಸಲ ಅದು ಮನೆಗೂ ಗೊತ್ತಾಗುತ್ತೆ. ನಿಮ್ಮ ಮೇಜಿನ ಡ್ರಾಯರಿನಲ್ಲೂ ಅಂಥದೊಂದು ರಿಪೋರ್ಟ್ ಮಡಚಿಟ್ಟಿದ್ದರೆ ಇವತ್ತೇ ಮನೆಗೆ ಫೋನ್ ಮಾಡಿ. ಆಮೇಲೆ ನಿಮ್ಮ ಊರಿನ ಮಸಾಲೆ ಯಾವುದು ಅಂತ ನಮಗೂ ಬರೆದು ಕಳಿಸಿ. ಐದನೇ ಬಗೆಗೆ ಜಾಗ ಖಾಲಿ ಇಟ್ಟಿದ್ದೇವೆ.