ಮಕ್ಕಳ ಮೆದುಳಿನ ಗಡ್ಡೆಗೆ ಮಕ್ಕಳದೇ ವಿಜ್ಞಾನ ಬೇಕು

ಓಡುತ್ತ ಎಡವಿ ಬಿದ್ದು ಮೊಣಕಾಲು ತರಚಿಸಿಕೊಂಡ ಮಗುವನ್ನು ನಾವೆಲ್ಲರೂ ಕಂಡಿದ್ದೇವೆ. ಕೆಲವೇ ನಿಮಿಷಗಳಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ರಕ್ತದಲ್ಲಿರುವ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಅವುಗಳ ಸುತ್ತ ಬಲೆಯಂತೆ ಹೆಣೆದುಕೊಳ್ಳುತ್ತವೆ. ಮುಂದಿನ ದಿನಗಳಲ್ಲಿ ಆ ಬಲೆಯ ಆಸರೆಯಲ್ಲಿಯೇ ಹೊಸ ರಕ್ತನಾಳಗಳು ಚಿಗುರುತ್ತವೆ. ಗಾಯವು ಮಾಯುತ್ತಲೇ ಈ ವ್ಯಾಪಾರವೆಲ್ಲ ನಿಂತುಹೋಗುತ್ತದೆ. ತಕ್ಕ ಕಾಲದಲ್ಲಿ ನಿಲ್ಲುವುದೇ ಆರೋಗ್ಯದ ಲಕ್ಷಣ.

ಅರ್ಬುದದ ಗಡ್ಡೆಯಲ್ಲಿ ಅದು ನಿಲ್ಲುವುದಿಲ್ಲ. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೋರಾಕ್ ಅವರು ೧೯೮೬ರಲ್ಲಿ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದುದು ಈ ಕಾರಣದಿಂದಲೇ. ಮೆದುಳಿನ ಉಗ್ರ ಗಡ್ಡೆಗಳ ಜೀವಕೋಶಗಳು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ವಿಪುಲವಾಗಿ ತಯಾರಿಸುವುದುಂಟು. ಅದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಸಣ್ಣ ನಾಳವೊಂದು ಹೆಪ್ಪಿನಿಂದ ಮುಚ್ಚಿಹೋದರೆ ಸುತ್ತಲಿನ ಜೀವಕೋಶಗಳಿಗೆ ಆಮ್ಲಜನಕ ಸಾಲದು. ಆಗ ಅವು ವಿ.ಇ.ಜಿ.ಎಫ್. ಎಂಬ ಮತ್ತೊಂದು ಪ್ರೋಟೀನನ್ನು ಸ್ರವಿಸುತ್ತವೆ. ಅದರ ಪ್ರೇರಣೆಯಿಂದ ಹೊಸ ನಾಳಗಳು ಹುಟ್ಟುತ್ತವೆ. ಗಡ್ಡೆಯು ಮತ್ತೆ ಬೆಳೆಯುತ್ತದೆ.

ಹಾಗಾದರೆ ನಾಳಗಳು ಹುಟ್ಟದಂತೆ ತಡೆದರಾಯಿತಲ್ಲವೆ? ೧೯೭೧ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಅವರು ಮುಂದಿಟ್ಟ ವಾದವು ಇದೇ. ಮುಂದೆ ವಿ.ಇ.ಜಿ.ಎಫ್.ಅನ್ನು ನಿಷ್ಫಲಗೊಳಿಸುವ ಬೆವಾಸಿಜುಮಾಬ್ ಎಂಬ ಔಷಧವು ಸಿದ್ಧವಾಯಿತು. ೨೦೦೪ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಅರ್ಬುದಕ್ಕೂ, ೨೦೦೯ರಲ್ಲಿ ಮರುಕಳಿಸಿದ ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಗೂ ಅದಕ್ಕೆ ಮನ್ನಣೆ ದೊರೆಯಿತು.

ದೊಡ್ಡವರ ಮದ್ದು ಮಕ್ಕಳಿಗೂ ಒದಗೀತೆಂದು ಊಹಿಸುವುದು ಸುಲಭ. ಆದರೆ ಊಹೆಯು ಪ್ರಮಾಣವಲ್ಲ. ಹರ್ಬಿ ಎಂಬ ಹೆಸರಿನ ಪ್ರಯೋಗದಲ್ಲಿ, ಮೆದುಳಿನಲ್ಲಿ ಉಗ್ರ ಗಡ್ಡೆ ಹೊಸದಾಗಿ ಕಾಣಿಸಿಕೊಂಡಿದ್ದ ೧೨೧ ಮಂದಿ ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಎರಡು ಗುಂಪಿಗೂ ವಿಕಿರಣ ಚಿಕಿತ್ಸೆ ಮತ್ತು ಟೆಮೊಜೊಲೊಮೈಡ್ ದೊರೆತವು. ಒಂದಕ್ಕೆ ಮಾತ್ರ ಬೆವಾಸಿಜುಮಾಬ್ ಕೂಡ ದೊರೆಯಿತು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲ. ದೊಡ್ಡವರಲ್ಲಿ ಈ ಔಷಧವು ಆಯುಸ್ಸನ್ನು ಹೆಚ್ಚಿಸದಿದ್ದರೂ ಗಡ್ಡೆಯ ಬೆಳವಣಿಗೆಯನ್ನು ಕೆಲಕಾಲವಾದರೂ ತಡೆದಂತೆ ಕಂಡಿತ್ತು. ಮಕ್ಕಳಲ್ಲಿ ಅಷ್ಟೂ ಆಗಲಿಲ್ಲ. ರಕ್ತಸ್ರಾವ, ಬೇಡದ ಕಡೆ ಹೆಪ್ಪುಗಟ್ಟುವುದು, ಗಾಯ ಮಾಯಲು ತಡವಾಗುವುದು ಇವೇ ಮೊದಲಾದ ಅಪಾಯಗಳೂ ಈ ಔಷಧಕ್ಕೆ ಉಂಟು.

ಇನ್ನೊಂದು ಸಂಗತಿಯು ಮತ್ತಷ್ಟು ವಿಚಾರಾರ್ಹವಾದುದು. ಮಕ್ಕಳ ಕಿರುಮೆದುಳಿನಲ್ಲಿ ಹುಟ್ಟುವ ಮೆಡುಲ್ಲೊಬ್ಲಾಸ್ಟೋಮಾ ಎಂಬ ಗಡ್ಡೆಯಲ್ಲಿ ನಾಲ್ಕು ಮುಖ್ಯ ಬಗೆಗಳಿವೆ. ಮೆದುಳಿನ ರಕ್ತನಾಳಗಳು ಸಾಮಾನ್ಯವಾಗಿ ಅನೇಕ ಔಷಧಗಳನ್ನು ಒಳಗೆ ಬಿಡವು. ಆದರೆ ವಿಂಟ್ ಎಂಬ ಬಗೆಯ ಗಡ್ಡೆಯ ನಾಳಗಳು ಸೋರುವಂಥವೆಂದು ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಔಷಧವು ಅವುಗಳ ಮೂಲಕ ಗಡ್ಡೆಯೊಳಕ್ಕೆ ಹರಿಯುತ್ತದೆ. ಈ ಬಗೆಯ ಮಕ್ಕಳಲ್ಲಿ ಬಹುತೇಕರು ಗುಣಹೊಂದಲು ಇದೂ ಒಂದು ಕಾರಣವೆಂದು ತಿಳಿಯಲಾಗಿದೆ. ಗಡ್ಡೆಗೆ ಅನ್ನವೊಯ್ಯುವ ದಾರಿಯೇ ಮದ್ದು ಹೋಗುವ ದಾರಿಯೂ ಆಯಿತು! ಅದನ್ನು ಕುರುಡಾಗಿ ಮುಚ್ಚುವುದು ಜಾಣತನವಾದೀತೆ?

ಮಕ್ಕಳ ಮೇಲೆ ಪ್ರಯೋಗ ನಡೆಸುವುದು ನಿರ್ದಯವೆಂದು ಹೇಳುವವರುಂಟು. ಅವರ ಮರುಕವನ್ನು ನಾನು ಗೌರವಿಸುತ್ತೇನೆ. ಆದರೆ ಮಕ್ಕಳಲ್ಲಿ ಪರೀಕ್ಷಿಸದ ಮದ್ದನ್ನು ಮಕ್ಕಳಿಗೆ ಕೊಡುವುದೂ ಪ್ರಯೋಗವೇ. ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲವೆಂಬುದಷ್ಟೇ ವ್ಯತ್ಯಾಸ. ತಂದೆತಾಯಿಗಳ ಒಪ್ಪಿಗೆಯಿಂದ, ಕಟ್ಟುನಿಟ್ಟಾದ ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಯೇ ನಿಜವಾದ ದಯೆ. ಹರ್ಬಿ ಪ್ರಯೋಗವು ಸೋಲಲಿಲ್ಲ. ಉಪಯೋಗವಿಲ್ಲದ ಹೊರೆಯೊಂದನ್ನು ಮುಂದಿನ ಮಕ್ಕಳ ಮೈಮೇಲಿಂದ ಇಳಿಸಿತು.

ಮಗುವು ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. ಅದರ ದೇಹ ಬೇರೆ, ಅದರ ಗಡ್ಡೆಯೂ ಬೇರೆ. ನಾಳೆ ವೈದ್ಯರೂ ಸಂಶೋಧಕರೂ ಆಗಲಿರುವ ವಿದ್ಯಾರ್ಥಿಗಳು ಈ ಮಾತನ್ನು ಮರೆಯದಿರಲಿ.