ಕಂಪ್ಯೂಟರ್‌ನಲ್ಲಿ ಪಾಸ್, ಇಂಟರ್ನೆಟ್‌ನಲ್ಲಿ ಫೇಲ್

(1/7)
ಕಂಪ್ಯೂಟರ್ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್. ಮೊದಲ ತಲೆಮಾರಿನ ಕಂಪ್ಯೂಟರ್‌ನಲ್ಲಿ ಏನಿತ್ತು? ವ್ಯಾಕ್ಯೂಮ್ ಟ್ಯೂಬ್. ಹೈಸ್ಕೂಲಿಂದ ಡಿಗ್ರಿವರೆಗೂ ಇದನ್ನೇ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀವಿ.

ಈಗ ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆ. ವಾಟ್ಸಾಪ್‌ಗೆ ಒಂದು ಸ್ಕಾಲರ್‌ಶಿಪ್ ಲಿಂಕ್ ಬಂತು. ಅದು ನಿಜವಾಗ್ಲೂ ಸರ್ಕಾರದ್ದಾ? ಬರೀ ವಿಳಾಸ ನೋಡಿ ಹೇಳೋಕೆ ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಬರುತ್ತೆ? ಈ ಪ್ರಶ್ನೆ ಯಾವ ಪರೀಕ್ಷೆಗೂ ಬರಲ್ಲ, ಆದ್ರೆ ದಿನಾ ಫೋನಿಗೆ ಬರುತ್ತೆ.

ನನ್ನ ವಾದ ಇಷ್ಟೇ: ವೆಬ್ ಅನ್ನು ಅರ್ಥ ಮಾಡ್ಕೊಂಡು ಓದೋದನ್ನ ಕಂಪ್ಯೂಟರ್ ವಿಷಯದ ಒಳಗೇ, ಲ್ಯಾಬ್‌ನಲ್ಲೇ, ಮಾರ್ಕ್ಸ್ ಕೊಟ್ಟೇ ಕಲಿಸ್ಬೇಕು. ವರ್ಷಕ್ಕೊಂದು ಜಾಗೃತಿ ಭಾಷಣ ಸಾಕಾಗಲ್ಲ.

(2/7)
"ಈಗಿನ ಹುಡುಗರು ಫೋನ್ ಹಿಡ್ಕೊಂಡೇ ಹುಟ್ಟಿದಾರೆ, ಇವರಿಗೆ ನಾವೇನು ಕಲಿಸೋದು?" ದೊಡ್ಡವರ ಈ ಮಾತು ಕೇಳಿ ಕೇಳಿ ನಾವೂ ನಂಬಿಬಿಟ್ಟಿದ್ದೀವಿ.

ದಿನಾ ಬಸ್ಸಲ್ಲಿ ಓಡಾಡಿದ ಮಾತ್ರಕ್ಕೆ ಡ್ರೈವಿಂಗ್ ಬರುತ್ತಾ ಗುರು? ರೀಲ್ಸ್ ಸ್ಕ್ರಾಲ್ ಮಾಡೋಕೆ ಬರುತ್ತೆ, ಸರಿ. ಆ ರೀಲ್ ನಿಮ್ಮ ಮುಂದೆನೇ ಯಾಕೆ ಬಂತು? ಗೂಗಲ್‌ನಲ್ಲಿ ಬ್ಯಾಂಕ್ ಕಸ್ಟಮರ್ ಕೇರ್ ನಂಬರ್ ಹುಡುಕಿದಾಗ ಮೇಲ್ಗಡೆ 'ಸ್ಪಾನ್ಸರ್ಡ್' ಅಂತ ಇರೋದು ಯಾರೋ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಮೊದಲು ಕಾಣಿಸ್ತು ಅಂದಮಾತ್ರಕ್ಕೆ ಅದು ಬ್ಯಾಂಕಿನದ್ದೇ ಆಗಿರ್ಬೇಕು ಅಂತೇನಿಲ್ಲ. ಬಳಸೋಕೆ ಬರೋದು ಒಂದು, ಒಳಗೆ ಏನು ನಡೀತಿದೆ ಅಂತ ಗೊತ್ತಿರೋದು ಇನ್ನೊಂದು.

(3/7)
ಸ್ಕಾಲರ್‌ಶಿಪ್ ಲಿಂಕ್‌ಗೆ ಬರೋಣ. ವಿಳಾಸದ ಶುರುವಿನಲ್ಲಿ 'ಎಚ್‌ಟಿಟಿಪಿಎಸ್' ಆದ್ಮೇಲೆ ಎರಡು ಸ್ಲ್ಯಾಶ್ ಇರುತ್ತಲ್ಲ, ಅಲ್ಲಿಂದ ಮುಂದಿನ ಸ್ಲ್ಯಾಶ್‌ವರೆಗೆ ಮಾತ್ರ ನೋಡಿ. ಆ ಭಾಗವನ್ನ ಬಲಗಡೆಯಿಂದ ಎಡಕ್ಕೆ ಓದಿ. ಮಾಲೀಕ ಬಲತುದಿಯಲ್ಲಿ ಸಿಗ್ತಾನೆ.

ಅದು 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಅಂತ ಮುಗಿದ್ರೆ ರಾಜ್ಯ ಸರ್ಕಾರದ್ದು. 'ಗವ್ ಡಾಟ್ ಇನ್' ಸರ್ಕಾರಿ ಸಂಸ್ಥೆಗಳಿಗಷ್ಟೇ ಕೊಡೋದು. ಅದೇ ಹೆಸರು ಮಧ್ಯದಲ್ಲಿ ಬಂದು, ಆಮೇಲೆ ಇನ್ನೊಂದು ಡಾಟ್, ಇನ್ಯಾವುದೋ ಹೆಸರು, ಕೊನೆಗೆ 'ಡಾಟ್ ಕಾಮ್' ಅಂತಿದ್ರೆ ಮಾಲೀಕ ಆ ಕೊನೆಯ ಹೆಸರಿನವನು.

ಲಕೋಟೆ ಮೇಲೆ ವಿಳಾಸ ಬರೆಯೋ ಹಾಗೇ ಇದು. ಮನೆ ಹೆಸರು ಮೊದಲು, ಊರು ಕೊನೆಗೆ. ಯಾರು ಬೇಕಾದ್ರೂ ತಮ್ಮ ಮನೆಗೆ 'ವಿಧಾನಸೌಧ' ಅಂತ ಹೆಸರಿಡಬಹುದು. ಅಷ್ಟಕ್ಕೇ ಊರು ಬೆಂಗಳೂರಾಗಲ್ಲ.

ಕಲಿಸೋಕೆ 10 ನಿಮಿಷ ಸಾಕು. ನಮ್ಮ ನೋಟ್ಸ್‌ನಲ್ಲಿ ಡಿಎನ್‌ಎಸ್‌ನ ಫುಲ್ ಫಾರ್ಮ್ ಇದೆ, ಇದಿಲ್ಲ.

(4/7)
"ಅದಕ್ಕೇ ಸೈಬರ್ ಜಾಗೃತಿ ಕಾರ್ಯಕ್ರಮ ಮಾಡ್ತಾರಲ್ಲ?" ಮಾಡ್ಲಿ, ಬೇಡ ಅಂದಿಲ್ಲ. ಆದ್ರೆ ಅಲ್ಲಿ ಸಿಗೋದು 'ಇದು ಮಾಡಿ, ಅದು ಮಾಡ್ಬೇಡಿ' ಅನ್ನೋ ಪಟ್ಟಿ. ಪಟ್ಟಿ ಬೇಗ ಹಳಸುತ್ತೆ.

'ಬೀಗದ ಚಿಹ್ನೆ ಇದ್ರೆ ಸೈಟ್ ಸೇಫ್' ಅಂತ ಎಷ್ಟು ಸಲ ಕೇಳಿಲ್ಲ? ಬೀಗ ಹೇಳೋದು ಒಂದೇ: ನಿಮಗೂ ಆ ಸೈಟಿಗೂ ನಡುವೆ ಹೋಗೋ ಮಾಹಿತಿಯನ್ನ ದಾರಿಯಲ್ಲಿ ಬೇರೆಯವರು ಓದೋಕಾಗಲ್ಲ. ಆ ಕಡೆ ಕೂತಿರೋನು ಕಳ್ಳನಾ ಅಂತ ಅದು ಹೇಳಲ್ಲ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಕಳ್ಳನಿಗೂ ಪುಕ್ಕಟೆ ಸಿಗುತ್ತೆ. ಜನ ತಪ್ಪು ತಿಳ್ಕೊಳ್ತಾರೆ ಅಂತಲೇ 2023ರಲ್ಲಿ ಡೆಸ್ಕ್‌ಟಾಪ್ ಕ್ರೋಮ್‌ನ ವಿಳಾಸದ ಪಟ್ಟಿಯಿಂದ ಆ ಬೀಗವನ್ನೇ ತೆಗೆದ್ರು. ಪಟ್ಟಿ ಬಾಯಿಪಾಠ ಮಾಡಿದವನಿಗೆ ಈಗ ಏನು ನೋಡ್ಬೇಕು ಅಂತ ಗೊತ್ತಿಲ್ಲ. ಎನ್‌ಕ್ರಿಪ್ಷನ್ ಅರ್ಥ ಆದವನಿಗೆ ಏನೂ ನಷ್ಟ ಆಗಿಲ್ಲ. ಅದಕ್ಕೇ ಇದು ಕಂಪ್ಯೂಟರ್ ಸೈನ್ಸ್ ಪಾಠ ಆಗ್ಬೇಕು ಅನ್ನೋದು.

(5/7)
ಇದು ದುಡ್ಡಿನ ವಿಷಯ ಮಾತ್ರ ಆಗಿದ್ರೆ ಇಷ್ಟು ಉದ್ದ ಬರೀತಿರ್ಲಿಲ್ಲ.

2018ರ ಜುಲೈ. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರ್‌ನನ್ನ ಮಕ್ಕಳ ಕಳ್ಳ ಅಂತ ಗುಂಪು ಹೊಡೆದು ಸಾಯಿಸ್ತು. ವದಂತಿ ಹರಡಿದ್ದು ವಾಟ್ಸಾಪ್‌ನಲ್ಲಿ.

ಆ ವರ್ಷ ದೇಶದಲ್ಲೆಲ್ಲಾ ಸುತ್ತಿದ ಮಕ್ಕಳ ಕಳ್ಳರ ವಿಡಿಯೋಗಳಲ್ಲಿ ಒಂದು, ಬೈಕಲ್ಲಿ ಬಂದವರು ಮಗುವನ್ನ ಎತ್ಕೊಂಡು ಹೋಗೋದು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನ ವಾಪಸ್ ತಂದು ಬಿಡ್ತಾರೆ. ಆ ಕೊನೆಯನ್ನ ಯಾರೋ ಕತ್ತರಿಸಿ ಹರಿಬಿಟ್ರು. ವಿಡಿಯೋದ ಸ್ಕ್ರೀನ್‌ಶಾಟ್ ಹಾಕಿ ಮೂಲ ಹುಡುಕೋದು ಲ್ಯಾಬಲ್ಲಿ ಒಂದು ಪೀರಿಯಡ್‌ನ ಕೆಲಸ.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತಂತು. ಕಂಪನಿ ಆಪ್ ಬದಲಾಯಿಸ್ತು. ನಾವು ಓದಿದ ಸಿಲಬಸ್ ಬದಲಾಗ್ಲಿಲ್ಲ.

(6/7)
"ಇದೆಲ್ಲಾ ನಮ್ಮಲ್ಲಿ ಆಗೋ ಮಾತಾ?" ಪಕ್ಕದ ಕೇರಳದಲ್ಲಿ ಆಗಿದೆ. ಅದೇ 2018ರಲ್ಲಿ ಕಣ್ಣೂರು ಜಿಲ್ಲಾಡಳಿತ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸೋ ಕ್ಲಾಸ್ ಶುರುಮಾಡ್ತು. ಹೆಸರು 'ಸತ್ಯಮೇವ ಜಯತೇ'. ಸರ್ಕಾರಿ ಶಾಲೆ, ಮಾಮೂಲಿ ಟೀಚರ್‌ಗಳು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ನೇ ಕ್ಲಾಸಿಂದ ಕೋಡಿಂಗ್ ಅಂತು. ಒಳ್ಳೇದು. ಆದ್ರೆ ಎಲ್ಲರೂ ಪ್ರೋಗ್ರಾಮರ್ ಆಗಲ್ಲ, ಎಲ್ಲರ ಕೈಗೂ ಲಿಂಕ್ ಮಾತ್ರ ಬಂದೇ ಬರುತ್ತೆ. ಆರ್ಟ್ಸ್, ಕಾಮರ್ಸ್, ಐಟಿಐ, ಯಾರನ್ನೂ ಬಿಡಲ್ಲ.

ಲೆಕ್ಚರರ್‌ಗಳನ್ನ ಬೈತಿಲ್ಲ. ಪೋರ್ಷನ್ ಮುಗಿಸೋಕೇ ಅವರಿಗೆ ಟೈಮ್ ಇಲ್ಲ. ಸಿಲಬಸ್ ಬರೆಯೋರನ್ನ ಕೇಳ್ತಿದ್ದೀನಿ: ವ್ಯಾಕ್ಯೂಮ್ ಟ್ಯೂಬ್‌ಗೆ ಕೊಟ್ಟ ಗಂಟೆಗಳಲ್ಲಿ ಎರಡನ್ನ ಇದಕ್ಕೆ ಕೊಡಿ. ಅದೂ ಕನ್ನಡದಲ್ಲಿ. ಮೋಸ ಮಾಡೋನು ಕನ್ನಡದಲ್ಲೇ ಮಾತಾಡ್ತಾನೆ, ಪಾಠ ಯಾಕೆ ಇಂಗ್ಲಿಷಲ್ಲಿ?

(7/7)
ಕಾಮರ್ಸ್‌ನವರಿಗೆ ಒಂದು ಮಾತು. ವೋಚರ್ ಇಲ್ಲದೆ ನಾವು ಒಂದು ಎಂಟ್ರಿನೂ ಪಾಸ್ ಮಾಡಲ್ಲ. ಮೂಲ ಇಲ್ಲದ ಫಾರ್ವರ್ಡ್ ಹೇಗೆ ಪಾಸ್ ಮಾಡ್ತೀವಿ? ನಾಳೆ ಬ್ಯಾಂಕ್ ಕೌಂಟರ್‌ನಲ್ಲಿ, ಆಡಿಟರ್ ಆಫೀಸಲ್ಲಿ ಕೂರೋರು ನಾವೇ. ದುಡ್ಡು ಬರೋಕೆ ಯುಪಿಐ ಪಿನ್ ಹಾಕೋದು ಬೇಡ, ಕಳ್ಸೋಕೆ ಮಾತ್ರ ಬೇಕು ಅಂತ ಅಜ್ಜಿಗೆ ಅರ್ಥ ಆಗೋ ಹಾಗೆ ಹೇಳೋದು ಯಾರು?

ಸಿಲಬಸ್ ಬದಲಾಗೋವರೆಗೆ ಕಾಯ್ಬೇಡಿ. ಮುಂದಿನ ಲ್ಯಾಬ್‌ನಲ್ಲಿ ಕೈ ಎತ್ತಿ: "ಸರ್, ಇವತ್ತು ಒಂದು ಲಿಂಕ್ ಬಿಡಿಸಿ ತೋರಿಸ್ತೀರಾ?" ಮೂರನೇ ಭಾಗವನ್ನ ಮನೆಯಲ್ಲಿ ಒಬ್ಬರಿಗೆ ಹೇಳ್ಕೊಡಿ. ದುಡ್ಡು ಹೋಗಿದ್ರೆ ನಾಚ್ಕೋಬೇಡಿ, ತಡ ಮಾಡ್ದೆ 1930ಕ್ಕೆ ಕಾಲ್ ಮಾಡಿ.

ಒಪ್ಪಲ್ವಾ? ಕಾಮೆಂಟ್‌ನಲ್ಲಿ ವಾದ ಮಾಡಿ. ಮೂಲದ ಸಮೇತ.

#ವೆಬ್_ಓದೋಣ #ಸಿಲಬಸ್_ಬದಲಾಗಲಿ #ಬಿಕಾಂ_ಹುಡುಗರು